ನಾನು ಹಾಡದ ‘ಬಾರಾಮತಿ ಸಕ್ಕರಿ’

ಮಾನ್ಯ ಅಧ್ಯಕ್ಷರಾದ ಗೂಳಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ಭಾನುವಾರದ ನಿದ್ದೆ ಬಿಟ್ಟು, ಪುಣೆಯ ಟ್ರಾಫಿಕ್ ದಾಟಿ ಬಂದ ಸಭಿಕರೇ,

‘ಬಾರಾಮತಿ ಸಕ್ಕರಿ’ ಹಾಡಿದ ಗಾಯಕಿ ಅನುಸೂಯಾ ಎಂದು ನಮ್ಮ ಕನ್ನಡ ಬಳಗ ಇಂದು ನನಗೆ ಶಾಲು ಹೊದಿಸಿದೆ. ಫಲಕದ ಮೇಲೂ ಹಾಗೇ ಕೆತ್ತಿಸಿದೆ. ಎಷ್ಟು ಸಲ ಹೇಳಲಿ? ಆ ಹಾಡನ್ನು ನಾನು ಹಾಡಿಲ್ಲ! ಫೋನಿನಲ್ಲಿ ಹೇಳಿದೆ, ಇವತ್ತು ಬಾಗಿಲಲ್ಲೂ ಹೇಳಿದೆ. ಅಧ್ಯಕ್ಷರು, “ಇರ್ಲಿ ಬಿಡ್ರಿ ಅಕ್ಕಾರ, ದನಿ ನಿಮ್ಮದ ಅದಲ್ಲ?” ಅಂದರು.

ದನಿ ನನ್ನದೇ. ಸಂಕಟ ಇರುವುದೇ ಅಲ್ಲಿ.

ಇಲ್ಲೇ ಕೊಂಢವಾ ಬಡಾವಣೆಯ ಸ್ಟುಡಿಯೋದಲ್ಲಿ ಒಂದು ಕಂಪನಿಗೆ ವರ್ಷಾನುಗಟ್ಟಲೆ ಹಾಡಿದೆ. ಮದುವೆ ಹಾಡು, ಭಕ್ತಿಗೀತೆ, ಸಾಬೂನಿನ ಜಾಹೀರಾತು, ಏನು ಬೇಕಾದರೂ. ಅವನ್ನೆಲ್ಲ ಕಂಪ್ಯೂಟರಿಗೆ ತಿನ್ನಿಸಿ, ನನ್ನ ದನಿಯಲ್ಲಿ ಅದರಿಂದಲೇ ಹೊಸ ಹಾಡು ಹಾಡಿಸಿದರು. ನನಗೆ ತಿಳಿದದ್ದು ಅವ್ವನ ಊರು ಶಿರೂರಿನ ಬಸ್ಸಿಗೆ ಕಾಯುವಾಗ. ಎದುರಿನ ರಿಕ್ಷಾದಾಗ ನಾನು ಹಾಡಾಕತ್ತಿದ್ದೆ. ಹಾಡು ಮಾತ್ರ ನನಗ ಗೊತ್ತಿರಲಿಲ್ಲ!

ಕಂಪನಿ ನಡೆಸುವ ಋಷಿಕೇಶನ ಹತ್ತಿರ ಓಡಿದೆ. “ಮ್ಯಾಡಮ್, ಸಹೀ ತುಮಚೀಚ ಆಹೇ” ಅಂದ. ಕರಾರಿನ ಮೇಲಿನ ಸಹಿ ನನ್ನದೇ, ಹೌದು. ಹಾಡಿಗೆ ಹಾಕಿದ ಸಹಿ, ಗಂಟಲಿಗೆ ಹಾಕಿದ್ದಲ್ಲ.

ಬಳಗದ ಪತ್ರಿಕೆಯಲ್ಲಿ ಪಾಪ್ ಹಾಡುಗಳ ಬಗ್ಗೆ ಬರೆಯುತ್ತೇನಲ್ಲ, ಅಲ್ಲಿ ಇದನ್ನೂ ಬರೆದೆ. ರೆಕಾರ್ಡ್ ಮಾಡುವವರು ಮೊದಲು ನನ್ನ ಉಸಿರಿನ ಸಪ್ಪಳ ಕತ್ತರಿಸಿದರು. ಕೇಳುವವರ ಬೆರಳಿಗೆ ತಾಳ್ಮೆ ಇಲ್ಲವೆಂದು ಹಾಡಿನ ಮುಂಚಿನ ವಾದ್ಯ ಕತ್ತರಿಸಿದರು. ಕೊನೆಗೆ ನನ್ನನ್ನೇ. ಆ ಲೇಖನ ಓದಿದವರು ಕೈ ಎತ್ತಿರಿ. ...ಇರಲಿ. ಋಷಿಕೇಶ ಓದಿದ. ಆಮೇಲೆ ಯಾವ ಸ್ಟುಡಿಯೋದವರೂ ಕರೆದಿಲ್ಲ.

ಶಿರೂರಿನಲ್ಲಿ ನಮ್ಮವ್ವ ಚನ್ನಬಸವ್ವ ದಿನವಿಡೀ ಫೋನಿನಾಗ ಆ ಸಕ್ಕರಿ ಹಾಡನ್ನ ಕೇಳತಿದ್ದಳು. “ಅವ್ವಾ, ಅದು ನಾನಲ್ಲ” ಅಂದೆ.

“ಹಂಗಾದ್ರ ನೀ ಹಾಡಿ ತೋರಸು.”

ಹಟಕ್ಕ ಬಿದ್ದು ಕಲಿತೆ. ನನ್ನ ದನಿ ಹಾಡಿದ್ದನ್ನ ನಾನೇ ಕೇಳಿ ಕೇಳಿ ಕಲಿತೆ! ಅವ್ವನ ಮುಂದ ಕೂತು ಹಾಡಿದೆ. ಪೂರಾ ಕೇಳಿ, “ಖರೇ ಹೇಳ್ಲೇನು? ಅದ ಛಂದ ಐತಿ ನೋಡು” ಅಂದಳು.

ಸಿಟ್ಟಿಗೆ ಅಡಿಗಿಮನಿಗೆ ಎದ್ದುಹೋದೆ. ಒಲಿ ಮುಂದ ನಿಂತು ಅತ್ತೆ. ಇದನ್ನ ನಿಮ್ಮ ಮುಂದ ಹೇಳಬಾರದಿತ್ತು, ಬಾಯಿಗೆ ಬಂತು. ಅವ್ವ ಹಿಂದೇ ಬಂದು ಬೆನ್ನ ಮ್ಯಾಲೆ ಕೈ ಇಟ್ಟಳು.

“ಅದು ದಣಿಯಂಗಿಲ್ಲವಾ, ಅದಕ್ಕ ಛಂದ. ನೀ ದಣಿದಿ. ನೀರು ಕುಡಿ.”

ಅವತ್ತಿನಿಂದ ಅವ್ವ ಆ ಹಾಡು ಹಚ್ಚಿಲ್ಲ. ನಾನು ಬ್ಯಾಡ ಅಂದಿರಲಿಲ್ಲ.

ಅಧ್ಯಕ್ಷರೇ, ಫಲಕವನ್ನು ಇಲ್ಲೇ ಬಿಟ್ಟುಹೋಗುತ್ತೇನೆ. ಕಂಪನಿಯ ಕಂಪ್ಯೂಟರಿಗೆ ಕಳಿಸಿರಿ. ಶಾಲು ಇಟ್ಟುಕೊಳ್ಳುತ್ತೇನೆ, ಅದು ಕಂಪ್ಯೂಟರಿಗೆ ಒಪ್ಪಲಿಕ್ಕಿಲ್ಲ, ಅದಕ್ಕೆ ಹೆಗಲಿಲ್ಲ. ಕರೆದ ಬಳಗಕ್ಕೂ, ಸಿಡುಕಿಯ ಮಾತನ್ನು ಸಹಿಸಿ ಕೂತ ನಿಮಗೂ ಧನ್ಯವಾದ. ಇಷ್ಟು ಹೊತ್ತು ಮಾತಾಡಿದವಳು ಮಾತ್ರ ನಾನೇ.

ನಮಸ್ಕಾರ.