ಎಡಗಾಲಿನ ಚಪ್ಪಲಿ

ದೀಪ ಆರಿಸಬೇಡಿ, ಇರಲಿ. ಇದು ಕಟ್ಟುಕತೆ ಅಲ್ಲ. ನನ್ನ ದೊಡ್ಡಮ್ಮನ ಮಗನಿಗೇ ಆದದ್ದು.

ಅಣ್ಣ ಸಿನಿಮಾಗಳಿಗೆ ಸದ್ದು ಮಾಡುವವನು. ಪರದೆಯ ಮೇಲೆ ನಾಯಕಿ ನಡೆದರೆ, ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ಇವನು ಹೆಂಗಸರ ಚಪ್ಪಲಿ ಹಾಕಿಕೊಂಡು ನಡೆಯಬೇಕು. ನಾವು ನಕ್ಕಿದ್ದೇ ನಕ್ಕಿದ್ದು. ಅವನದು ಮಾತು ಮಾತ್ರ ಬಲು ಕಮ್ಮಿ. ಏನು ಕೇಳಿದರೂ "ಹೂಂ". ಮನೆಯಲ್ಲಿ ಅವನ ಅಡ್ಡಹೆಸರೇ ಹೂಂ.

ಒಂದು ವರ್ಷ ಹಳೇ ಕಾಲದ ಪ್ರೇಮದ ಚಿತ್ರವೊಂದು ಅವನ ಕೈಗೆ ಬಂತು. ಅದರಲ್ಲಿ ನಾಯಕ ನಾಯಕಿ ಒಂದೇ ಮನೆಯಲ್ಲಿದ್ದೂ ಕೊನೆವರೆಗೂ ಬಾಯಿ ಬಿಡುವುದಿಲ್ಲ. ನಾಯಕಿಗೆ ದನಿ ಕೊಡಲು ಬಂದವಳ ಮೇಲೆ ಇವನಿಗೆ ಮನಸ್ಸಾಯಿತು. ಅವಳಿಗೂ ಇತ್ತು. ಕೆಲಸಕ್ಕಾಗಲಿ ಅಂತ ತನ್ನ ಹಳೇ ಚಪ್ಪಲಿಯನ್ನೇ ಕೊಟ್ಟಿದ್ದಳು. ಎಡಗಾಲಿನದು ಊರಿದಾಗಲೆಲ್ಲ 'ಕಿರ್' ಅನ್ನುತ್ತಿತ್ತು.

ಕೆಲಸ ಮುಗಿದ ಮೇಲೆ ಹಾಳುಬಾವಿಯ ತಿರುವಿನವರೆಗೆ ಜೊತೆಯಲ್ಲಿ ನಡೆಯುತ್ತಿದ್ದರು. ಒಂದು ರಾತ್ರಿ ಅವಳು ಅಲ್ಲೇ ನಿಂತಳು.

"ಮನೇಲಿ ಗಂಡು ಗೊತ್ತು ಮಾಡಿದಾರೆ. ಒಪ್ಕೊಳ್ಳಲಾ?"

"ಹೂಂ."

ಕೇಳಿಸಿತು ಅನ್ನೋ ಹೂಂ ಅದು! ಬೇಡ ಅನ್ನೋದೇ ಅವನ ಮನಸ್ಸಲ್ಲಿದ್ದದ್ದು. ಅವಳು ಒಪ್ಪಿಗೆ ಅಂತ ತಿಳಿದು ತಿರುಗಿ ಹೊರಟಳು.

"ಸರಿ. ಬರ್ತೀನಿ."

ಊರಿಗೆ ಹೊರಟಿದ್ದ ಅವಳ ಬಸ್ಸು ದಾರಿಯಲ್ಲಿ ಮಗುಚಿತು. ಅವಳು ಉಳಿಯಲಿಲ್ಲ ಅಂತ ಮೂರನೇ ದಿನ ಸುದ್ದಿ ಬಂತು.

ಚಿತ್ರದಲ್ಲಿ ಉಳಿದದ್ದು ಕೊನೆಯ ದೃಶ್ಯ. ನಾಯಕಿ ಮನೆ ಬಿಟ್ಟು ಹನ್ನೆರಡು ಹೆಜ್ಜೆ ನಡೆದುಹೋಗುತ್ತಾಳೆ. ನಾಯಕ ಕರೆಯುವುದಿಲ್ಲ. ಅಣ್ಣ ರಾತ್ರಿ ಒಬ್ಬನೇ ಕೂತು ಮುಗಿಸಲು ಹೋದ. ಆ ಚಪ್ಪಲಿಯಲ್ಲಿ ನಡೆದ. ಟಪ್... ಕಿರ್... ಟಪ್... ಕಿರ್. ಹನ್ನೆರಡು. ಬಿಚ್ಚಿ ಮೈಕಿನ ಹತ್ತಿರ ಇಟ್ಟ. ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಹಾಕಿ, ರೆಕಾರ್ಡಾದದ್ದನ್ನು ಕೇಳಿದ.

ಹನ್ನೆರಡೂ ದೂರ ಹೋದವು. ಆಮೇಲೆ ಸದ್ದಿಲ್ಲ.

...ಕಿರ್.

ಹದಿಮೂರು. ಇವನು ಇಟ್ಟ ಹೆಜ್ಜೆಯಲ್ಲ ಅದು. ಟಪ್... ಕಿರ್... ಈಗ ಹತ್ತಿರ ಬರುತ್ತಿತ್ತು. ತಟ್ಟನೆ ಹೆಡ್‌ಫೋನ್ ತೆಗೆದ. ಸದ್ದು ನಿಲ್ಲಲಿಲ್ಲ. ಕೋಣೆಯಲ್ಲೇ ಇತ್ತು! ಬರ್ತೀನಿ ಅಂದಿದ್ದಳಲ್ಲ.

ಕುರ್ಚಿಯ ಹಿಂದೆ ಬಂದು ನಿಂತಿತು. ಒಂದು ಗಳಿಗೆ... ಮತ್ತೆ 'ಕಿರ್'. ತಿರುಗಿ ಹೊರಟಂತೆ. ಹೆದರಿಕೆಗಿಂತ ಅವಳು ಮತ್ತೆ ಹೋಗೋದನ್ನೇ ಸಹಿಸಲಾಗಲಿಲ್ಲ ಅಂತಾನೆ.

"ಇರಿ," ಅಂದ. "ಹೋಗ್ಬೇಡಿ."

ಕಿವಿಯ ಹತ್ತಿರವೇ, ಉಸಿರಿನಷ್ಟು ಮೆತ್ತಗೆ:

"ಹೂಂ."

ಅಣ್ಣ ಮದುವೆ ಆಗಲಿಲ್ಲ. ಒಂಟಿ ಮನೆ. ಆ ಚಪ್ಪಲಿ ಬಾಗಿಲ ಪಕ್ಕದಲ್ಲಿದೆ. ಆ ರಾತ್ರಿಯಿಂದ ಅವನು ಅದಕ್ಕೆ ಕಾಲಿಟ್ಟಿಲ್ಲ. ನಂಬದಿದ್ದರೆ ಬಿಡಿ, ಹೋದ ತಿಂಗಳು ಅದನ್ನು ರಿಪೇರಿಗೆ ಒಯ್ದವನು ನಾನೇ. ಅಟ್ಟೆ ಪೂರಾ ಸವೆದಿತ್ತು. ಚಪ್ಪಲಿ ಹೊಲಿಯುವವನು ತಿರುಗಿಸಿ ನೋಡಿ, "ಮೂರನೇ ಸಲ ಹಾಕ್ತಿದೀನಿ. ಈಯಮ್ಮ ತುಂಬಾ ಓಡಾಡ್ತಾರೆ, ಅಲ್ವಾ?" ಅಂದ.

ನಾನೂ ಹೂಂ ಅಂದೆ.