ವೂ ನದಿ ದಾಟಿದ ಮೇಲೆ

ಹಿಂದಕ್ಕಾ? ಹಿಂದಕ್ಕೆ ಅಂದ್ರೆ ಏನ್ ದೊಡ್ಡಪ್ಪ, ಬಂದ ದಾರೀಲೇ ವಾಪಸ್ಸಾ? ಅಯ್ಯೋ, ಕೋಲಲ್ಲಿ ಹಾಗೆ ಕುಟ್ಬೇಡಿ! ಕಾರು ನಮ್ಮಣ್ಣಂದು. ಗಾಜಿಗೇನಾದ್ರೂ ಆದ್ರೆ ಅವನು ನನ್ನ ಚರ್ಮ ಸುಲೀತಾನೆ. ಸರಿ, ಸರಿ... ನಿಲ್ಲಿಸಿದೆ. ನೋಡಿ, ಇಂಜಿನ್ನೂ ಆರಿಸಿದೆ. ಬಾಗಿಲು ಹಾಕಿರೋ ನೂಡಲ್ ಅಂಗಡಿ ಮುಂದೆ, ಈ ಮಂಜಲ್ಲಿ, ಹೊಸ ವರ್ಷದ ಹಿಂದಿನ ದಿನ ಮಧ್ಯಾಹ್ನ! ಊರವರೆಲ್ಲ ಹಬ್ಬದೂಟಕ್ಕೆ ಒಲೆ ಹಚ್ಚಿರ್ತಾರೆ. ಇನ್ನೆರಡು ಬೆಟ್ಟ ಇಳಿದ್ರೆ ನಿಮ್ಮ ಮನೆ. ನಿಮಗೆ ಮಾತ್ರ ಹಿಂದಕ್ಕೆ ಹೋಗ್ಬೇಕು.

ಏನ್ ಬಿಟ್ಟು ಬಂದ್ರಿ, ಹೇಳಿ. ಕಣ್ಣಿನ ಔಷಧೀನಾ? ನಿಮ್ಮ ಜೇಬಲ್ಲೇ ಇದೆ. ಹಲ್ಲಿನ ಸೆಟ್ಟಾ? ಬಾಯಲ್ಲೇ ಇದೆ, ಬೆಳಿಗ್ಗೆಯಿಂದ ನನ್ನ ಬೈದಿದ್ದು ಅದ್ರಿಂದಾನೇ ಅಲ್ವಾ? ತಂಬಾಕಿನ ಕೊಳವೆ ಕಾಲ ಹತ್ರ ಬಿದ್ದಿದೆ. ಮತ್ತೇನು? ...ಯಾಕೆ ಹಾಗೆ ನೋಡ್ತೀರಿ? ಆಪರೇಷನ್ ಆದ ಕಣ್ಣಿಗೆ ಪಟ್ಟಿ ಕಟ್ಟಿದಾರೆ, ಉಳಿದಿರೋ ಒಂದರಲ್ಲೇ ಇಷ್ಟು ಸಿಟ್ಟು! ಮಾತಾಡಿ ದೊಡ್ಡಪ್ಪ. ವೂ ನದಿ ದಾಟಿದಾಗ್ಲಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀರಿ. ನಿಮ್ಮ ಬೈಗುಳಾನೇ ವಾಸಿ ಇತ್ತು.

ನಿಜವಾಗ್ಲೂ! ಚೋಂಗ್‌ಚಿಂಗ್ ನಗರ ಬಿಟ್ಟಾಗ ಎಷ್ಟು ಚೆನ್ನಾಗಿ ಬೈತಿದ್ರಿ. ಹೆಂಗಸು ಕಾರು ಓಡಿಸೋದೂ ಹುಂಜ ಮೊಟ್ಟೆ ಇಡೋದೂ ಒಂದೇ ಅಂದ್ರಿ. ನಾನು ಬಾಯಿ ಮುಚ್ಚೋದು ನಿದ್ದೇಲಿ ಮಾತ್ರ ಇರ್ಬೇಕು ಅಂದ್ರಿ. ಅದೂ ಸುಳ್ಳು, ನಿದ್ದೇಲೂ ಮಾತಾಡ್ತೀನಿ. ಹೆದ್ದಾರಿ ತುಂಬಾ ಕಾರು ಅಂತ ಹಳೇ ರಸ್ತೆಗೆ ಇಳಿಸಿದ್ದಕ್ಕೆ, "ಇವಳಿಗೆ ದಾರೀನೂ ಗೊತ್ತಿಲ್ಲ, ಮಾರ್ಗಾನೂ ಗೊತ್ತಿಲ್ಲ" ಅಂತ ಯಾರಿಗೆ ಹೇಳಿದ್ರಿ? ಕೋಳಿಗೆ! ಮಡಿಲಲ್ಲಿರೋ ಆ ಹುಂಜನಿಗೆ ನನ್ನ ಮೇಲೆ ಚಾಡಿ! ಪಾಪ, ಅದೂ ನಿಮ್ಮ ಕಡೇನೇ ಸೇರ್ಕೊಂಡು ನನ್ನ ಕೈಗೆ ಕುಕ್ತು.

ಏನು? ಹುಂಜ ಯಾಕೆ ಎತ್ತಿ ತೋರಿಸ್ತಿದೀರಿ? ಹೇಳಿದ್ನಲ್ಲ, ಹಬ್ಬದ ಸಾರಿಗೆ ಅಂತ. ಬಿಳೀದೇ ಯಾಕೆ ಅಂದ್ರೆ... ಅಂಗಡೀಲಿ ಅದೇ ಇತ್ತು, ತಗೊಂಡೆ. ಕೋಳಿ ಬಣ್ಣ ನೋಡಿ ಯಾರ್ ತಿಂತಾರೆ? ಪುಕ್ಕ ಕಿತ್ತ ಮೇಲೆ ಎಲ್ಲಾ ಒಂದೇ.

ಹಿಂದಿನ ಸೀಟಲ್ಲೇನಿದೆ? ಏನೂ ಇಲ್ಲ. ಖಾಲಿ. ನಾನೂ ನೋಡ್ದೆ... ಓಹೋ, ಆ ಗಂಟೇನಾ! ಈಗ ಗೊತ್ತಾಯ್ತು. ಅದು ರಿಪೇರಿಗೆ ಬಂದಿದೆ ದೊಡ್ಡಪ್ಪ. ಸೀಟಲ್ಲಿ ಭಾರ ಬಿದ್ರೆ "ಬೆಲ್ಟ್ ಹಾಕ್ಕೊಳ್ಳಿ" ಅಂತ ಟಿಣ್ ಟಿಣ್ ಅನ್ನಬೇಕು ಅದು, ಆದ್ರೆ ಖಾಲಿ ಸೀಟಿಗೂ ಹೊಡ್ಕೊಳ್ತಿತ್ತು. ಹೊರಟಾಗಿಂದ ತಲೆ ತಿಂತು. "ಯಾರೋ ಕೂತಿದಾರೆ ಕಣಮ್ಮ" ಅಂದ್ರಿ ನೀವು, ನಾನು ಎಷ್ಟು ನಕ್ಕೆ! ಹೂಂ... ನಕ್ಕೆ. ನಿಮಗೆ ಕಾಣ್ಲಿಲ್ಲ, ಕನ್ನಡೀಲಿ ಹಿಂದಿನ ಸೀಟು ಎರಡೆರಡು ಸಲ ನೋಡ್ದೆ.

ಬಂದ ದಾರಿ ಕಡೆ ಕೋಲು ಯಾಕೆ? ಗಂಟೆ ನಿಂತಿದ್ದು ಎಲ್ಲಿ ಅಂತಾನಾ? ಗೊತ್ತಿಲ್ಲಪ್ಪ... ವೂ ನದಿ ಸೇತುವೆ ಹತ್ರ ಇರ್ಬೇಕು. ಹೌದು, ಸೇತುವೆ ದಾಟಿದ ತಕ್ಷಣ ನಿಂತೋಯ್ತು. ಆಮೇಲೆ ಒಂದು ಸಲಾನೂ ಇಲ್ಲ. ವೈರು ಕಿತ್ತಿರತ್ತೆ, ಇನ್ನೇನು! ...ಯಾಕೆ ತಲೆ ಅಲ್ಲಾಡಿಸ್ತೀರಿ?

ನೋಡಿ, ನಿಮ್ಮ ಮಗ ನನಗೆ ಒಪ್ಪಿಸಿರೋದು ಒಂದೇ ಕೆಲಸ. ಅಪ್ಪಂಗೆ ಕಣ್ಣಿನ ಆಪರೇಷನ್ ಆಗಿದೆ, ಜೋಪಾನವಾಗಿ ಊರಿಗೆ ಬಿಡು, ನಾನು ಹಬ್ಬದ ಬಾಡಿಗೆ ಮುಗಿಸ್ಕೊಂಡು ಹಿಂದೇನೇ ಬರ್ತೀನಿ ಅಂದ ಯೌಲಿನ್. ಅಷ್ಟೇ. ನಾನ್ಯಾರು ನಿಮಗೆ? ಅವನ ಜೊತೆ ಒಂದೇ ಟ್ಯಾಕ್ಸಿ ಓಡಿಸೋಳು. ಹಗಲು ನಾನು, ರಾತ್ರಿ ಅವನು. ಸಂಜೆ ಬೀಗದಕೈ ಕೊಡೋವಾಗ ಎರಡು ಮಾತು, ಬೆಳಿಗ್ಗೆ ಇಸ್ಕೊಳ್ಳೋವಾಗ ಎರಡು ಮಾತು. ಅಷ್ಟರಲ್ಲೇ ಜಗಳ ಬೇರೆ! ಅವನು ತಾಳೆಮರ, ನಾನು ಕುಳ್ಳಿ. ದಿನಾ ಬೆಳಿಗ್ಗೆ ಹತ್ತಿದ್ರೆ ಸೀಟು ಹಿಂದಕ್ಕೆ ತಳ್ಳಿರೋನು, ನನ್ನ ಕಾಲು ಬ್ರೇಕಿಗೇ ಎಟುಕ್ತಿರ್ಲಿಲ್ಲ. ಬೈಕೊಂಡು ಬೈಕೊಂಡು ಮುಂದಕ್ಕೆ ಎಳ್ಕೊಳ್ತಿದ್ದೆ. ಸೀಟು ಬೆಚ್ಚಗಿರೋದು ದೊಡ್ಡಪ್ಪ. ಚಳಿಗಾಲದಲ್ಲಿ ಎದ್ದು ಬಂದು ಆ ಬೆಚ್ಚಗಿರೋ ಸೀಟಲ್ಲಿ ಕೂತ್ಕೊಳ್ಳೋ ಸುಖಾನೇ ಬೇರೆ. ಈಗ ಬೆಳಿಗ್ಗೆ ಹತ್ತಿದ್ರೆ ನಾನು ಬಿಟ್ಟಲ್ಲೇ ಇರುತ್ತೆ ಸೀಟು. ಒಂದು ಅಂಗುಲ ಆಚೀಚೆ ಸರಿದಿರಲ್ಲ. ತಣ್ಣಗೆ...

ಅಂದ್ರೆ... ಅವನು ಈಗ ಬೇರೆ ಕಾರು ಓಡಿಸ್ತಾನೆ. ಬೇರೆ ಮಾಲೀಕರು. ಹೇಳಿರ್ಲಿಲ್ವಾ ನಿಮಗೆ?

ಕೇಳಿ ಮತ್ತೆ! ಬೆಳಿಗ್ಗೆ ಎಷ್ಟು ಸಲ ಕೇಳಿದ್ರಿ, "ಯೌಲಿನ್ ಯಾವಾಗ ಹೊರಡ್ತಾನಂತೆ, ಫೋನ್ ಮಾಡಿದ್ನಾ, ಊಟಕ್ಕೆ ಬರ್ತಾನಾ" ಅಂತ. ಟೀ ಕುಡಿಯೋಕೆ ನಿಲ್ಲಿಸಿದ್ರೂ ಅದೇ, ಪೆಟ್ರೋಲ್ ಹಾಕ್ಸಿದ್ರೂ ಅದೇ. ಒಂದೊಂದು ಸಲಕ್ಕೂ ಒಂದೊಂದು ಸುಳ್... ಒಂದೊಂದು ಉತ್ತರ ಹುಡುಕಿ ಹುಡುಕಿ ನನಗೆ ಸಾಕಾಗೋಗಿತ್ತು. ಈಗ ಯಾಕೆ ಕೇಳ್ತಿಲ್ಲ? ಕೇಳಿ ದೊಡ್ಡಪ್ಪ. ನನ್ನ ಹತ್ರ ಒಳ್ಳೇ ಉತ್ತರ ಇದೆ.

ಡಿಕ್ಕೀಲಿ ಏನಿದೆ ಅಂತಾನಾ? ಹೊಗೇಲಿ ಒಣಗಿಸಿದ ಹಂದಿಮಾಂಸ, ಕಿತ್ತಳೆ, ನಿಮ್ಮ ಹಾಸಿಗೆ. ಇನ್ನೊಂದು... ಕೆಂಪು ಬಟ್ಟೇಲಿ ಸುತ್ತಿರೋದು ಮದ್ಯದ ಜಾಡಿ. ಅವನೇ ಕೊಟ್ಟು ಕಳ್ಸಿದ್ದು. ಅಲ್ಲಾಡಬಾರದು ಅಂತ ಹಾಸಿಗೆ ಮಧ್ಯ ಇಟ್ಟಿದೀನಿ. ಮುಟ್ಬೇಡಿ. ಇಳೀಬೇಡಿ ದೊಡ್ಡಪ್ಪ, ನೆಲ ಜಾರುತ್ತೆ... ಕೂತ್ಕೊಳ್ಳಿ. ಕೈಮುಗೀತೀನಿ, ಕೂತ್ಕೊಳ್ಳಿ.

ಹಾಂ? ಬಾಯಿಗೆ ಅಂಗೈ ಹಿಡಿದು... ಏನದು, ಯಾರನ್ನೋ ಕೂಗೋ ಹಾಗೆ? ಅದು... ನಾನು ಮಾಡಿದ ಹಾಗಾ?

ಯಾವಾಗ ನೋಡಿದ್ರಿ? ಟೈರ್ ನೋಡ್ಬೇಕು ಅಂತ ಸೇತುವೆ ಹತ್ರ ಇಳಿದಾಗ್ಲಾ? ಆಗ ನಿದ್ದೇಲಿದ್ರಲ್ಲ! ಗೊರಕೆ ಹೊಡೀತಿದ್ರಲ್ಲ! ಪ್ರತೀ ಸೇತುವೇಲೂ, ನಾನು ಬಾಗಿಲು ತೆಗೆದಾಗೆಲ್ಲಾ... ಗೊರಕೆ ಸುಳ್ಳಾ? ಅಯ್ಯೋ ಮುದುಕ! ಅಷ್ಟೂ ಹೊತ್ತು, ಮೊದಲನೇ ಸೇತುವೆಯಿಂದ್ಲೂ, ಎಲ್ಲಾ ಕೇಳಿಸ್ಕೊಂಡು, ಆಮೇಲೂ "ಊಟಕ್ಕೆ ಬರ್ತಾನಾ" ಅಂತ ನನ್ನ ಕೇಳ್ತಿದ್ರಾ?

...ಬಿಡಿ. ನನಗೂ ಅರ್ಥ ಆಗುತ್ತೆ. ಕೇಳ್ತಾ ಇದ್ರೆ ಎಲ್ಲೋ ಇದಾನೆ ಅನ್ಸುತ್ತೆ. ನಾನೂ ಸುಳ್ಳು ಹೇಳ್ತಾ ಹೇಳ್ತಾ ಹಾಗೇ ಇದ್ದೆ. ಬಾಡಿಗೆ ಮುಗಿಸ್ತಿದಾನೆ ಅಂದಾಗ, ಒಂದು ಕ್ಷಣ, ನಿಜವಾಗ್ಲೂ ಎಲ್ಲೋ ಮುಗಿಸ್ತಿದಾನೆ ಅನ್ನಿಸ್ತಿತ್ತು.

ನಿದ್ದೇಲೇ ಎದೆ ನಿಂತಿದ್ದು, ನೋವಾಗ್ಲಿಲ್ಲ ಅಂದ್ರು ಡಾಕ್ಟ್ರು. ನಿಮ್ಮ ಕಣ್ಣಿನ ಪಟ್ಟಿ ಕಟ್ಟಿದ ದಿನಾನೇ. ಗ್ಯಾಸ್ ಹಾಕ್ಸೋ ಸಾಲಲ್ಲಿ ಕಾರು ನಿಲ್ಲಿಸ್ಕೊಂಡು, ಸೀಟು ಹಿಂದಕ್ಕೆ ತಳ್ಳಿ ಕಣ್ಣು ಮುಚ್ಚಿದಾನೆ. ನಾವೆಲ್ಲಾ ಹಾಗೇ ಮಲಗ್ತೀವಿ, ಸಾಲು ಮುಂದೆ ಹೋದ್ರೆ ಹಿಂದಿನೋರು ಹಾರ್ನ್ ಹೊಡ್ದು ಎಬ್ಬಿಸ್ತಾರೆ. ಹೊಡೆದ್ರಂತೆ ದೊಡ್ಡಪ್ಪ. ಸಾಲಲ್ಲಿದ್ದೋರೆಲ್ಲಾ ಹೊಡೆದ್ರಂತೆ. ಏಳ್ಲಿಲ್ಲ. ಡಿಕ್ಕೀಲಿರೋ ಜಾಡೀಲಿ ಮದ್ಯ ಇಲ್ಲ ದೊಡ್ಡಪ್ಪ, ಅವನ ಬೂದಿ ಇದೆ.

ಕಣ್ಣು ಒರೆಸ್ಬೇಡಿ, ಪಟ್ಟಿ ಒದ್ದೆ ಆಗ್ಬಾರ್ದು ಅಂದಿದಾರೆ... ಒರೆಸ್ಕೊಳ್ಳಿ. ಒರೆಸ್ಕೊಳ್ಳಿ, ಇರ್ಲಿ.

ಬಿಳಿ ಹುಂಜ ಸತ್ತೋರ ಜೀವಕ್ಕೆ ದಾರಿ ತೋರಿಸುತ್ತೆ ಅಂತ ನಮ್ಮಜ್ಜಿ ಹೇಳಿದ್ಲು. ಸೇತುವೆ ಬಂದಾಗೆಲ್ಲಾ ಹೆಸರು ಹಿಡಿದು ಕೂಗ್ಬೇಕಂತೆ, ಇಲ್ದಿದ್ರೆ ಜೀವ ನೀರು ದಾಟಲ್ವಂತೆ, ಆ ದಡದಲ್ಲೇ ನಿಂತುಬಿಡುತ್ತಂತೆ. ಎಲ್ಲಾ ಸೇತುವೇಲೂ ಕೂಗ್ದೆ. "ಯೌಲಿನ್, ಸೇತುವೆ ಬಂತು, ಬಾ" ಅಂತ. ವೂ ನದಿ ಹತ್ರ ಮಾತ್ರ ನೀವು ಎಚ್ಚರವಾಗಿ ಕೂತಿದ್ರಿ, ಕಣ್ಣು ಬಿಟ್ಕೊಂಡು. ಹೇಗೆ ಕೂಗ್ಲಿ? ಅದಕ್ಕೇ ಹುಂಜನ್ನ ನೋಡ್ಕೊಂಡು, "ಏ ಕೋಳಿ, ಸೇತುವೆ ಬಂತು ಕಣೋ" ಅಂತ ತಮಾಷೆ ಮಾಡ್ದೆ. ಹೆಸರು ಹೇಳ್ಲಿಲ್ಲ.

ಗಂಟೆ ನಿಂತೋಯ್ತು.

ಅದಕ್ಕೇನಾ ಹಿಂದಕ್ಕೆ? ಅಲ್ಲಿ ಬಿಟ್ಟು ಬಂದಿದೀವಿ ಅಂತಾನಾ? ಈ ಮಂಜಲ್ಲಿ, ಒಬ್ನೇ, ಆ ದಡದಲ್ಲಿ... ದೇವ್ರೇ! ನಾನು ಗೊತ್ತಿದ್ದೂ ಓಡಿಸ್ಕೊಂಡು ಬಂದೆ. ಗಂಟೆ ನಿಂತಾಗ್ಲೇ ಬ್ರೇಕಿಗೆ ಕಾಲಿಟ್ಟೆ. ಆದ್ರೂ ವೈರು ವೈರು ಅಂದ್ಕೊಂಡೆ.

ಹೋಗೋಣ. ಈಗ್ಲೇ ಹೋಗೋಣ. ನೀವು ಕೂಗಿ, ನಾನು ದೂರ ನಿಂತಿರ್ತೀನಿ... ಯಾಕೆ? ಓ... ಹೌದಲ್ಲ. ತಂದೆ ಮಗನ್ನ ಕಳಿಸ್ಕೊಡೋ ಹಾಗಿಲ್ಲ. ಬಿಳಿ ಕೂದಲಿನೋರು ಕರಿ ಕೂದಲಿನೋರ ಹೆಣದ ಹಿಂದೆ ಹೋಗ್ಬಾರ್ದು ಅಂತಾರೆ. ಅದಕ್ಕೇ ಬಾಯೇ ಬಿಡ್ತಿಲ್ವಾ ನೀವು? ಬಾಯಿ ಬಿಟ್ರೆ ಎಲ್ಲಿ ಅವನ್ನ ಕೂಗಿಬಿಡ್ತೀನೋ ಅಂತ? ಹಾಗಾದ್ರೆ ಯಾರು ಕೂಗ್ಬೇಕು? ನಿಮ್ಮೂರಿಂದ ತಮ್ಮನ ಮಗನ್ನ ಕರೆಸೋಣ್ವಾ? ಮನೆಯೋರೇ ಕೂಗ್ಬೇಕಲ್ವಾ, ಹೆಂಡ್ತಿನೋ ಮಗನೋ. ನಾನು ಕೂಗಿದ್ದೇ ತಪ್ಪು. ಹುಂಜನ್ನ ನಾನು ಮಡಿಲಲ್ಲಿಟ್ಕೊಳ್ಳೋ ಹಾಗಿಲ್ಲ ಅಂತಾನೇ ನಿಮ್ಮ ಕೈಗೆ ಕೊಟ್ಟಿದ್ದು...

ಏ, ಏನ್ ಮಾಡ್ತಿದೀರಿ? ನನ್ನ ಮಡಿಲಿಗೆ ಯಾಕೆ ಹಾಕ್ತೀರಿ? ಬೇಡ ದೊಡ್ಡಪ್ಪ. ಇದು ಹೆಂಡ್ತಿ ಹಿಡ್ಕೊಳ್ಳೋದು. ನಾನು ಬರೀ...

ನಿಮಗೆ ಹೇಳಿದ್ನಾ ಅವನು?

ಈ ಹಬ್ಬಕ್ಕೆ ಕರ್ಕೊಂಡು ಹೋಗಿ ನಿಮ್ಮ ಮುಂದೆ ನಿಲ್ಲಿಸ್ತೀನಿ ಅಂದಿದ್ದ. ಬೇಡ, ಒಂದು ಮದುವೆ ಮುರ್ಕೊಂಡೋಳು, ಬಾಯಿಬಡುಕಿ, ನಿಮ್ಮಪ್ಪ ಕೋಲು ತಗೋತಾರೆ ಅಂದೆ. ಅದಕ್ಕೇ ಬೆಳಿಗ್ಗೆ ಬರೀ ಡ್ರೈವರ್ ಅಂತ ಹೇಳ್ಕೊಂಡು ಬಂದೆ... ಎಲ್ಲಾ ಗೊತ್ತಿದ್ದೇ ಬೈದ್ರಾ ನನ್ನ? ಸೊಸೇನ ಬೈದ ಹಾಗೆ?

ಅಳ್ತಿಲ್ಲ ನಾನು. ಹುಂಜದ ಪುಕ್ಕ ಕಣ್ಣಿಗೆ ಹೋಯ್ತು.

ಆಯ್ತು. ತಿರುಗಿಸ್ತೀನಿ. ಹಬ್ಬದೂಟ ತಣ್ಣಗಾದ್ರೆ ಆಗ್ಲಿ, ಮೂರೂ ಜನ ಒಟ್ಟಿಗೇ ಹೋಗೋಣ. ನೀವು ಕಿವಿ ಮುಚ್ಕೊಂಡು ಕೂತಿರಿ, ಅಪ್ಪ. ನನ್ನ ಗಂಟಲು ದೊಡ್ಡದು, ಆ ದಡಕ್ಕೂ ಕೇಳಿಸುತ್ತೆ.