ಒಂದೇ ಪುಟ, ಮೂವತ್ತಾರು ಮಕ್ಕಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರೇ, ನನ್ನ ಸಹೋದ್ಯೋಗಿಗಳೇ, ಪಾಲಕರೇ, ಸಭಿಕರೇ,

ಮೂವತ್ತೊಂದು ವರ್ಷ ನಾನು ಒಂದನೇ ತರಗತಿಯಲ್ಲೇ ಕಳೆದೆ. ಈ ಶಾಲೆಯಲ್ಲಿ ಅಷ್ಟು ಸಲ ನಪಾಸಾದವರು ಬೇರೆ ಯಾರೂ ಇರಲಾರರು. ಇವತ್ತು ಕೊನೆಗೂ ಬಿಟ್ಟು ಕಳಿಸುತ್ತಿದ್ದೀರಿ.

ಒಂದೇ ತರಗತಿಯಲ್ಲಿ ಒಂದೊಂದು ಮಗುವಿಗೂ ಅದಕ್ಕೆ ತಕ್ಕ ಪಾಠ ಕೊಡುವ ಪದ್ಧತಿಯನ್ನು ನಾನು ಇಲ್ಲಿಗೆ ತಂದೆನೆಂದು ಅಧ್ಯಕ್ಷರು ಹೊಗಳಿದರು. ಯಾವ ತರಬೇತಿಯಲ್ಲಿ ಕಲಿತಿರಿ ಎಂದೂ ಕೇಳಿದರು. ತರಬೇತಿಯಲ್ಲಿ ಅಲ್ಲ ಸ್ವಾಮಿ, ಹೆದರಿಕೆಯಲ್ಲಿ ಕಲಿತೆ. ಅದನ್ನು ಹೇಳಬೇಕೋ ಬೇಡವೋ ಎಂದು ಬೆಳಗಿನಿಂದ ಹಿಂದೆಮುಂದೆ ನೋಡುತ್ತಿದ್ದೇನೆ.

ಆಗ ನನ್ನದು ನಾಲ್ಕನೇ ವರ್ಷ. ಮೂವತ್ತಾರು ಮಕ್ಕಳು. ಸೋಮವಾರ ಹನ್ನೆರಡನೇ ಪುಟವೆಂದರೆ ಎಲ್ಲರಿಗೂ ಹನ್ನೆರಡನೇ ಪುಟ. ಆಗಲೇ ಕಥೆ ಓದಬಲ್ಲವರು ಆಕಳಿಸುತ್ತಿದ್ದರು. ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದ ಒಬ್ಬ ಹುಡುಗಿ ಮಾತ್ರ ಪುಸ್ತಕ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ‘ಅ’ ಕೂಡ ಬರುತ್ತಿರಲಿಲ್ಲ.

ತಪಾಸಣೆಗೆ ಸಾಹೇಬರು ಬರುತ್ತಾರೆ, ಯಾರನ್ನಾದರೂ ಎಬ್ಬಿಸಿ ಓದಿಸುತ್ತಾರೆ ಎಂದು ಸುದ್ದಿ ಬಂತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹಿಂದಿನ ದಿನ ಗುಬ್ಬಿಯನ್ನು ಪಕ್ಕಕ್ಕೆ ಕರೆದೆ.

“ನಾಳೆ ಒಂದಿನ ಬರ್ಬೇಡ ಪುಟ್ಟಿ. ಸಾಹೇಬ್ರ ಕಣ್ಣಿಗೆ ಬೀಳ್ಬೇಡ, ಆಯ್ತಾ?”

“ಆಯ್ತು ಮಿಸ್.”

ಸಾಹೇಬರು ಬಂದರು, ಓದಿಸಿದರು, ಮೆಚ್ಚಿದರು. ಶಾಲೆ ಬಿಡುವ ಹೊತ್ತಿಗೆ ಗುಬ್ಬಿಯ ತಾಯಿ ಬಂದರು. ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸು.

“ಇವತ್ತು ಬಂದಿಲ್ವಲ್ಲಮ್ಮ” ಎಂದೆ.

“ನಾನೇ ಗೇಟಿನ ತನಕ ಬಿಟ್ಟು ಹೋದ್ನಲ್ಲ ಮಿಸ್!”

ತಾಯಿ ಕೆಲಸಕ್ಕೆ ಹೋದರೆ ಆ ಮನೆಗೆ ಬೀಗ. ಮಗು ಎಲ್ಲಿರಬೇಕು? ನಾನು ಅದನ್ನು ಯೋಚಿಸಿರಲೇ ಇಲ್ಲ. ಶೌಚಾಲಯ ಹುಡುಕಿದೆವು, ಲಾರಿ ಓಡಾಡುವ ರಸ್ತೆ ಹುಡುಕಿದೆವು. ಹಿತ್ತಲಿನ ನೀರಿನ ತೊಟ್ಟಿಯ ಮುಚ್ಚಳ ಅರ್ಧ ಸರಿದಿತ್ತು. ಬಗ್ಗಿದೆ, ಆದರೆ ಕಣ್ಣು ಮುಚ್ಚಿಕೊಂಡೆ. ನೀವಾಗಿದ್ದರೆ ತೆರೆಯುತ್ತಿದ್ದಿರಾ? ತೆರೆದಾಗ ಬರೀ ನೀರಿತ್ತು.

ಕೊನೆಗೆ ಅಟೆಂಡರ್ ಹಳೆ ಬೆಂಚುಗಳ ಕೋಣೆಯ ಚಿಲಕ ತೆಗೆದರು. ಬೆಳಿಗ್ಗೆ ಅವರೇ ಹಾಕಿದ್ದ ಚಿಲಕ. ಕತ್ತಲ ಮೂಲೆಯಲ್ಲಿ ಗುಬ್ಬಿ. ಲಂಗ ಒದ್ದೆಯಾಗಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನನ್ನನ್ನು ಕಂಡು ಕೈ ತೆಗೆದು ಪಿಸುಗುಟ್ಟಿದಳು: “ಸಾಹೇಬ್ರು ಹೋದ್ರಾ ಮಿಸ್? ನಾನು ಸದ್ದು ಮಾಡ್ಲೇ ಇಲ್ಲ.”

ಹೊರಗಿನಿಂದ ಚಿಲಕ ಬಿದ್ದರೂ ಅವಳು ಕೂಗಿರಲಿಲ್ಲ. ‘ಅ’ ಬಾರದ ಮಗು ನನ್ನ ಮಾತನ್ನು ಅಕ್ಷರಶಃ ಪಾಲಿಸಿತ್ತು.

ಮರುವಾರದಿಂದ ಒಂದೇ ಪುಟದ ಪಾಠ ಬಿಟ್ಟೆ. ಓದಬಲ್ಲವರಿಗೆ ಕಥೆ, ತಡವರಿಸುವವರಿಗೆ ಚಿತ್ರದ ಜೊತೆ ಪದ, ಗುಬ್ಬಿಗೆ ಮರಳು ಹರಡಿದ ತಟ್ಟೆ ಮತ್ತು ಅವಳದೇ ಬೆರಳು. ಮೂರು ತಿಂಗಳಿಗೆ ‘ಮನೆ’ ಎಂದು ಓದಿದಳು. ಆದರೆ ಹೊಸಬರು ಯಾರೇ ಒಳಗೆ ಬರಲಿ, ಅವಳ ಕೈ ಬಾಯಿಗೆ ಹೋಗುತ್ತಿತ್ತು. ಅದನ್ನು ಬಿಡಿಸಲು ನನ್ನಿಂದ ಆಗಲಿಲ್ಲ. ವರ್ಷದ ಕೊನೆಗೆ ತಾಯಿ ಬೇರೆ ಊರಿಗೆ ಕರೆದುಕೊಂಡು ಹೋದರು.

ಇಷ್ಟೇ ಆಗಿದ್ದರೆ ಹೇಳಲು ಇಷ್ಟು ಹಿಂಜರಿಯುತ್ತಿರಲಿಲ್ಲ. ವಿಚಾರಣೆ ನಡೆಯಿತು. ಮಗು ಅಲ್ಲಿಗೇಕೆ ಹೋಯಿತು ಎಂದು ನನ್ನನ್ನು ಕೇಳಿದರು. ‘ಗೊತ್ತಿಲ್ಲ’ ಎಂದೆ. ಗುಬ್ಬಿಯನ್ನು ಕೇಳಿದರು. ಅವಳು ನನ್ನತ್ತ ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೋಣೆ ನೋಡದೆ ಚಿಲಕ ಹಾಕಿದರೆಂದು ಅಟೆಂಡರನ್ನು ದೂರದ ಶಾಲೆಗೆ ವರ್ಗ ಮಾಡಿದರು. ಇಪ್ಪತ್ತೇಳು ವರ್ಷ ನಾನು ಬಾಯಿ ಬಿಡಲಿಲ್ಲ.

ಆ ಅಟೆಂಡರ್ ಇವತ್ತು ಕೊನೆಯ ಸಾಲಿನಲ್ಲಿ ಕೂತಿದ್ದಾರೆ. ನಾನೇ ಕರೆಸಿದೆ, ಯಾಕೆಂದು ಹೇಳಿರಲಿಲ್ಲ. ಅಣ್ಣಾ, ಸಾಹೇಬರ ಕಣ್ಣಿಗೆ ಬೀಳಬೇಡ ಎಂದು ಹೇಳಿ ಆ ಮಗು ಅಲ್ಲಿ ಅಡಗುವಂತೆ ಮಾಡಿದವಳು ನಾನು. ನೀವು ಬೈದರೂ ಸರಿ, ಎದ್ದು ಹೋದರೂ ಸರಿ. ಮುಖ್ಯೋಪಾಧ್ಯಾಯರೇ, ಹಳೆಯ ಕಡತ ತೆಗೆಸಿ ಇದನ್ನು ಬರೆಸಿ. ಸಹಿ ಹಾಕಿಯೇ ಮನೆಗೆ ಹೋಗುತ್ತೇನೆ.

ನನ್ನ ಮಾತನ್ನು ಪೂರ್ತಿ ಕೇಳಿದಿರಿ, ಆ ಋಣ ದೊಡ್ಡದು. ಮೊದಲ ನಮಸ್ಕಾರ ಆ ಕೊನೆಯ ಸಾಲಿಗೆ. ಆಮೇಲೆ, ನಿಮಗೆಲ್ಲರಿಗೂ ನಮಸ್ಕಾರ.